ಮುಜಿರಿಸ್ ಫಲಕದಾಗ ಸನ್ನತಿಯ ಬಾಣ ಯಾವ ಕಡಿ ಹೋಗಬೇಕು?

ಚಿತ್ತಾಪುರ_ಮಾಸ್ತರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಇತಿಹಾಸ ಕೋಣೆಗೆ 6 ಅಡಿ ಅಗಲ, 4 ಅಡಿ ಎತ್ತರದ ಒಂದು ಫಲಕ ತಯಾರಾಗಲತ್ತದ. ವಿಷಯ: ಕ್ರಿ.ಶ. 1ನೇ ಶತಮಾನದ ಕೇರಳ ಕರಾವಳಿ, ಅಲ್ಲಿನ ಮುಜಿರಿಸ್ ಬಂದರ, ಕರಿಮೆಣಸು ಒಯ್ಯಲಿಕ್ಕೆ ಬರ್ತಿದ್ದ ಯವನ (ಗ್ರೀಕ್-ರೋಮನ್) ವ್ಯಾಪಾರಿಗಳು. ಎಡಗಡೆ ರೋಮ್ ಮತ್ತು ಈಜಿಪ್ಟ್, ನಡುವೆ ಅರಬ್ಬೀ ಸಮುದ್ರ, ಬಲಗಡೆ ನಮ್ಮ ದಕ್ಷಿಣ ಭಾರತ. ಮಕ್ಕಳಿಗೆ ತಮ್ಮ ಸೀಮೆಯೂ ಕಾಣಲಿ ಅಂತ ಭೀಮಾ ದಂಡಿಯ ಸನ್ನತಿಯಿಂದ ಮುಜಿರಿಸ್‌ಗೆ ಒಂದು ಕೆಂಪು ಬಾಣ ಎಳೆದೀವಿ. ಪೇಂಟರ್ ಬಣ್ಣ ಹಾಕೋದ್ರೊಳಗ ಕೆಲವು ಮಾತು ಖಾತ್ರಿ ಆಗಬೇಕು.

ಆ ಬಾಣ ಸರಿ ಅದನಾ? ಹಡಗು ಯಾವ ತಿಂಗಳು ಬಿಟ್ಟು ಯಾವ ತಿಂಗಳು ಮುಟ್ಟತಿತ್ತು? ಮೆಣಸಿನ ಬೆಲಿ ಹತ್ತನೇ ಕ್ಲಾಸಿನ ಹುಡುಗರಿಗೆ ತಿಳಿಯೋ ಹಂಗ ಹೆಂಗ ಬರೀಬೇಕು? ಮತ್ತ ಕೆಳಗಡೆ ಮಾಲು ತುಂಬೋ ಚಿತ್ರ ಅದ. ದೊಡ್ಡ ಹಡಗು ಕಟ್ಟೆಗೆ ಹತ್ತಿ ನಿಂತದ, ಹಮಾಲರು ಚೀಲ ಹೊತ್ತು ಹಲಗಿ ಮ್ಯಾಲ ಏರಲತ್ತಾರ. ಅದು ನಡೀತದೇನು?

ಭೀಮಾ_ದಂಡಿ

ಮಾಸ್ತರ್ರೆ, ಮೊದಲು ಆ ಕೆಂಪು ಬಾಣ ಅಳಸ್ರಿ. ಸನ್ನತಿಯಿಂದ ಮುಜಿರಿಸ್ ನೆಟ್ಟಗೆ ದಕ್ಷಿಣಕ್ಕ 700 ಕಿ.ಮೀ. ಮ್ಯಾಲ ಆಗತದ, ನಡುವೆ ಕೃಷ್ಣಾ, ತುಂಗಭದ್ರಾ, ಕಾವೇರಿ, ಘಟ್ಟ ಎಲ್ಲಾ ದಾಟಬೇಕು. ಮುಜಿರಿಸ್ ತನ್ನ ಮೆಣಸು ತನ್ನ ಬೆನ್ನಿಗಿದ್ದ ಘಟ್ಟದಿಂದ ತರಸ್ತಿತ್ತು. ಅದಕ್ಕ ನಮ್ಮ ಬಯಲುಸೀಮೆ ಬೇಕಾಗಿದ್ದಿಲ್ಲ.

ಆದ್ರ ನಮ್ಮ ಸೀಮೆ ಆ ಸಮುದ್ರ ವ್ಯಾಪಾರದಿಂದ ಹೊರಗಿತ್ತು ಅಂತ ಅಲ್ಲ. ಬಾಣದ ದಿಕ್ಕು ಬ್ಯಾರೆ, ಅಷ್ಟೇ. ಅದು ವಾಯವ್ಯಕ್ಕ ಹೋಗಬೇಕು. ಅದೇ ಕಾಲದಾಗ ಈಜಿಪ್ಟಿನ ಒಬ್ಬ ಗ್ರೀಕ್ ವ್ಯಾಪಾರಿ ಬರೆದ 'ಪೆರಿಪ್ಲಸ್' ಅನ್ನೋ ಸಮುದ್ರದಾರಿಯ ಕೈಪಿಡಿ ಅದ. ಬರೆದವನ ಹೆಸರು ಉಳಿದಿಲ್ಲ. ಅದರ 51ನೇ ಭಾಗದಾಗ ದಖ್ಖನದ ಒಳನಾಡಿನ ಎರಡು ದೊಡ್ಡ ಪೇಟೆಗಳ ಹೆಸರವ: ಪೈಠಾನ ಅಂದ್ರ ಇವತ್ತಿನ ಪೈಠಣ, ತಗರ ಅಂದ್ರ ಧಾರಾಶಿವ ಜಿಲ್ಲೆಯ ತೇರ್. ಬಾರಿಗಜ, ಅಂದ್ರ ಭರೂಚ್ ಬಂದರದಿಂದ ಪೈಠಣಕ್ಕ 20 ದಿನದ ದಾರಿ, ಅಲ್ಲಿಂದ ಮೂಡಣಕ್ಕ ತಗರಕ್ಕ 10 ದಿನದ ದಾರಿ ಅಂತ ಬರೆದಾನ. ಪೈಠಣದಿಂದ ಓನಿಕ್ಸ್ ಕಲ್ಲು, ತಗರದಿಂದ ಸಾದಾ ಹತ್ತಿ ಬಟ್ಟೆ, ಮಲ್‌ಮಲ್, ಮತ್ತ ಅವ ಮ್ಯಾಲೋ ಬಟ್ಟೆ ಅಂತ ಕರೆಯೋ ಒಂದು ತರಹದ ಅರಿವೆ ಬಂಡಿ ಮ್ಯಾಲ ಹೇರಿ ಭರೂಚ್‌ಗೆ ಒಯ್ತಿದ್ರು. ದಾರಿ ಅಂಬೋದು ಸರಿ ಇದ್ದಿಲ್ಲ ಅಂತನೂ ಬರೆದಾನ.

ನಕ್ಷಾದ ಮ್ಯಾಲ ಅಳೆದು ನೋಡ್ರಿ. ಪೈಠಣದಿಂದ ತೇರ್ ನೆಟ್ಟಗೆ ಸುಮಾರು 150 ಕಿ.ಮೀ. ಹತ್ತು ದಿನ ಅಂದ್ರ ದಿನಕ್ಕ 15. ಎತ್ತಿನ ಬಂಡಿಗೆ ಇದು ಸರಿಯಾದ ನಡಿಗಿ. ಪೈಠಣದಿಂದ ಭರೂಚ್ ನೆಟ್ಟಗೆ 350ರ ಹತ್ತಿರ. ಸುತ್ತು ಹಿಡಿದ್ರ 400 ದಾಟತದ, ಇಪ್ಪತ್ತು ದಿನಕ್ಕ ಅದೂ ಹೊಂದತದ. ದಿಕ್ಕು ಮಾತ್ರ ಸ್ವಲ್ಪ ತಪ್ಪಿದಾನ, ತೇರ್ ಇರೋದು ಪೈಠಣದ ಆಗ್ನೇಯಕ್ಕ. ಮಕ್ಕಳಿಂದ ಸ್ಕೇಲ್ ಹಿಡಿದು ಇದನ್ನ ಅಳಸ್ರಿ. ಎರಡು ಸಾವಿರ ವರ್ಷದ ಹಿಂದಿನ ಲೆಕ್ಕ ತಾಳೆ ಆಗೋದು ಅವರೇ ನೋಡ್ಲಿ.

ಈಗ ನಮ್ಮ ಕಡಿ ಬರ್ರಿ. ಸನ್ನತಿಯಿಂದ ತೇರ್ ನೆಟ್ಟಗೆ ಸುಮಾರು 185 ಕಿ.ಮೀ. ಅದೇ ದಿನಕ್ಕ 15ರ ಲೆಕ್ಕ ಹಿಡಿದ್ರ 12 ದಿನ. ಅಲ್ಲಿಗೆ ಸನ್ನತಿಯಿಂದ ಭರೂಚ್ 12, 10, 20 ಸೇರಿ 42 ದಿನ. ಕೆಂಪು ಸಮುದ್ರದ ಬಾಯಿಂದ ಮುಜಿರಿಸ್‌ಗೆ ಹಡಗು 40 ದಿನದಾಗ ಮುಟ್ಟತಿತ್ತು ಅಂತ ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಾನ. ನಮ್ಮ ಬಂಡಿ ಭರೂಚ್ ಮುಟ್ಟೋ ಹೊತ್ತಿಗೆ ಅವರ ಹಡಗು ಅರಬ್ಬೀ ಸಮುದ್ರನೇ ದಾಟಿರ್ತಿತ್ತು. ಫಲಕದಾಗ ಈ ಎರಡು ಅಂಕಿ ಒಂದರ ಕೆಳಗ ಒಂದು ಹಾಕ್ರಿ. ಒಳನಾಡಿನಿಂದ ಯಾಕ ಹಗುರ, ಬೆಲೆಬಾಳೋ ಅರಿವೆ ಮತ್ತ ಕಲ್ಲು ಮಾತ್ರ ಹೋಗ್ತಿತ್ತು, ಕಾಳುಕಡಿ ಯಾಕ ಹೋಗ್ತಿದ್ದಿಲ್ಲ ಅಂಬೋದು ಅದರಿಂದನೇ ತಿಳೀತದ.

ಒಂದು ಎಚ್ಚರ. 'ಸನ್ನತಿಯಿಂದ ರೋಮ್‌ಗೆ ಬಟ್ಟೆ ಹೋಗ್ತಿತ್ತು' ಅಂತ ಬರೀಬ್ಯಾಡ್ರಿ. ಸನ್ನತಿಯಲ್ಲಿ ಖಾತ್ರಿ ಇರೋದು ಇದು: 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಮಾಳಿಗಿ ಕುಸಿದಾಗ ಸಿಕ್ಕ ಅಶೋಕನ ಶಾಸನ, ಪಕ್ಕದ ಕನಗನಹಳ್ಳಿಯ ಸ್ತೂಪ, ಅದರ ಮ್ಯಾಲಿನ 'ರಾಯೋ ಅಸೋಕೋ' ಅಂತ ಹೆಸರು ಕೊರೆದ ಅಶೋಕನ ಚಿತ್ರ, ಶಾತವಾಹನ ಅರಸರ ಚಿತ್ರಗಳು. ಭೀಮಾ ದಂಡಿ ಮ್ಯಾಲ ಇಷ್ಟು ಸುಣ್ಣದಕಲ್ಲು ಕೆತ್ತಿಸಿ ನಿಲ್ಲಿಸಿದ ಊರಾಗ ದುಡ್ಡಿತ್ತು, ದಾರಿ ಇತ್ತು. ಅದೇ ಶಾತವಾಹನರ ಆಳ್ವಿಕೆಯಾಗ ತೇರ್, ಪೈಠಣ ಎರಡೂ ಇದ್ವು. ಅದಕ್ಕ ಸನ್ನತಿಯಿಂದ ತೇರ್‌ತನಕ ಚುಕ್ಕಿ ಗೆರಿ, ತೇರ್‌ನಿಂದ ಭರೂಚ್‌ತನಕ ಗಟ್ಟಿ ಗೆರಿ ಹಾಕ್ರಿ. ಬರಹದಾಗ ಸಿಕ್ಕಿದ್ದು ಯಾವುದು, ನಾವು ಊಹಿಸಿದ್ದು ಯಾವುದು ಅಂತ ಗೆರಿನೇ ಹೇಳತದ.

ಇನ್ನೊಂದು. ಕರಾವಳಿ ಕಡಿಯಿಂದ ಬಂದ ಸರಕೂ ತಗರದಾಗ ಕೂಡ್ತಿತ್ತು ಅಂತ ಪೆರಿಪ್ಲಸ್ ಹೇಳತದ. ಇದು ಪೂರ್ವ ಕರಾವಳಿ ಅಂತ ಓದಿದ್ರ ನಮ್ಮ ಭೀಮಾ-ಕೃಷ್ಣಾ ಸೀಮೆ ನಡುದಾರಿಯಾಗೇ ಬರತದ. ಅದೇ ಪುಸ್ತಕ ಕೃಷ್ಣಾ-ಗೋದಾವರಿ ಮುಖಜ ಭೂಮಿಯನ್ನ ಮಸಲಿಯ ಅಂತ ಕರೆದು, ಅಲ್ಲಿ ಹತ್ತಿ ಬಟ್ಟೆ ಭಾಳ ಆಗತದ ಅಂತದ. ಆದ್ರ ಭೀಮಾದಾಗ ದೋಣಿ ಬಿಟ್ಟು ಸಮುದ್ರಕ್ಕ ಹೋಗೋ ಚಿತ್ರ ಬರಸಬ್ಯಾಡ್ರಿ. ಕೃಷ್ಣಾ ಶ್ರೀಶೈಲದ ಕಣಿವಿಯೊಳಗ ಇಳಿಯೋ ಕಡಿ ಸರಕಿನ ದೋಣಿ ನಡಿಯೋದಿಲ್ಲ. ಅಲ್ಲೂ ಎತ್ತೇ ಗತಿ.

ದರಿಯಾ_ಗಾಳಿ

ತಿಂಗಳುಗಳ ಪ್ರಶ್ನೆಗೆ ಉತ್ತರ. ಇಲ್ಲಿ ಪ್ಲಿನಿ ಕೊಟ್ಟಿರುವ ದಿನಗಳನ್ನೇ ಹಿಡಿದರೆ ಸಾಕು, ಬೇರೆ ಕಡೆ ಹುಡುಕಬೇಕಿಲ್ಲ.

ಅಲೆಕ್ಸಾಂಡ್ರಿಯದಿಂದ ನೈಲ್ ನದಿಯ ಮೇಲೆ ಕೊಪ್ಟೋಸ್ ಎಂಬ ಊರಿಗೆ 12 ದಿನ. ಬೇಸಿಗೆಯಲ್ಲಿ ಉತ್ತರದ ಗಾಳಿ ಬೀಸುವುದರಿಂದ ಪ್ರವಾಹದ ಎದುರಿಗೇ ಹಾಯಿ ಕಟ್ಟಿ ಹೋಗುತ್ತಿದ್ದರು. ಕೊಪ್ಟೋಸ್‌ನಿಂದ ಕೆಂಪು ಸಮುದ್ರದ ಬೆರೆನಿಕೆ ಬಂದರಿಗೆ ಒಂಟೆಯ ಮೇಲೆ ಮತ್ತೆ 12 ದಿನ. ಹಗಲು ಬಿಸಿಲಿಗೆ ತಂಗಿ, ಹೆಚ್ಚಿನ ನಡಿಗೆಯೆಲ್ಲ ರಾತ್ರಿ. ತಂಗುವುದು ನೀರಿನ ತಾಣಗಳಲ್ಲಿ. ಬೆರೆನಿಕೆಯಿಂದ ನಡುಬೇಸಿಗೆಯಲ್ಲಿ, ಲುಬ್ಧಕ ನಕ್ಷತ್ರ ಮೂಡುವ ಮುಂಚೆ ಅಥವಾ ಮೂಡಿದ ಕೂಡಲೇ ಹಡಗು ಬಿಡಬೇಕು. ಈಜಿಪ್ಟಿನಲ್ಲಿ ಅದು ಜುಲೈ ನಡುಭಾಗ. ಕೆಂಪು ಸಮುದ್ರದ ಬಾಯಲ್ಲಿರುವ ಒಕೆಲಿಸ್‌ಗೆ 30 ದಿನ, ಅಲ್ಲಿಂದ ತೆರೆದ ಸಮುದ್ರದಲ್ಲಿ ಮುಜಿರಿಸ್‌ಗೆ 40 ದಿನ. ಒಟ್ಟು 94 ದಿನ. ಜೂನ್ 20ರ ಸುಮಾರಿಗೆ ಅಲೆಕ್ಸಾಂಡ್ರಿಯ ಬಿಟ್ಟವನು ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ ಕೇರಳ ಕಾಣುತ್ತಾನೆ.

ಮರಳುವುದು ಈಶಾನ್ಯದ ಗಾಳಿಯಲ್ಲಿ. ಡಿಸೆಂಬರ್‌ನಲ್ಲಿ ಬಿಡಬೇಕು, ತಡವಾದರೆ ಜನವರಿ 13ರೊಳಗೆ. ಅದೇ ವರ್ಷದೊಳಗೆ ಹೋಗಿ ಬಂದುಬಿಡುತ್ತಾರೆ ಎಂಬುದು ಪ್ಲಿನಿಯ ಮಾತು. ಜನವರಿಯ ಆ ಗಡುವು ಮೀರಿದರೆ ಏನಾಗುತ್ತದೆ ಎಂಬುದನ್ನು ಫಲಕದಲ್ಲಿ ಬರೆಯುವುದು ಒಳ್ಳೆಯದು. ಏಡನ್ ಕಡೆ ತಲುಪುವಷ್ಟರಲ್ಲಿ, ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿ ಚಳಿಗಾಲಕ್ಕೆ ಬೀಸುವ ದಕ್ಷಿಣದ ಗಾಳಿ ನಿಲ್ಲುವ ಕಾಲ ಹತ್ತಿರ ಬಂದಿರುತ್ತದೆ. ಆ ಸಮುದ್ರದ ಉತ್ತರಾರ್ಧದಲ್ಲಿ ವರ್ಷವಿಡೀ ಉತ್ತರದ ಗಾಳಿಯೇ. ಭಾರವಾದ ಹಡಗು ಅದರ ಎದುರಿಗೆ ಅಡ್ಡಾಡುತ್ತಾ ಮೇಲೇರಬೇಕು. ಬೆರೆನಿಕೆ ಬಂದರು ಹುಟ್ಟಿದ್ದಕ್ಕೆ ಕಾರಣವೇ ಇದು. ಉತ್ತರಕ್ಕಿರುವ ಮಿಯೋಸ್ ಹೊರ್ಮೋಸ್‌ನಿಂದ ಕೊಪ್ಟೋಸ್‌ಗೆ ಆರೇಳು ದಿನದ ಮರಳುದಾರಿ, ಬೆರೆನಿಕೆಯಿಂದ 12 ದಿನ. ಒಂಟೆಗೆ ದುಪ್ಪಟ್ಟು ಕೂಲಿ ಕೊಟ್ಟಾದರೂ ಸರಿ, ಸಮುದ್ರದಲ್ಲಿ ಎದುರುಗಾಳಿಯ ಅಷ್ಟು ದೂರ ತಪ್ಪಿಸಿಕೊಳ್ಳುತ್ತಿದ್ದರು.

ದಯವಿಟ್ಟು 'ಹಿಪ್ಪಾಲಸ್ ಮಾನ್ಸೂನ್ ಕಂಡುಹಿಡಿದ' ಎಂದು ಬರೆಯಬೇಡಿ. ಪಠ್ಯಪುಸ್ತಕಗಳಲ್ಲಿ ಇದು ಬೇರೂರಿದೆ. ಅರಬ್ಬರಿಗೂ ನಮ್ಮ ಕರಾವಳಿಯ ನಾವಿಕರಿಗೂ ಆ ಗಾಳಿ ಮೊದಲೇ ಗೊತ್ತಿತ್ತು. ಪೆರಿಪ್ಲಸ್ ಹಿಪ್ಪಾಲಸ್‌ಗೆ ಕೊಡುವ ಹೆಸರು ಬಂದರುಗಳ ಇರವನ್ನೂ ಸಮುದ್ರದ ಆಕಾರವನ್ನೂ ಅರಿತು ನಡುಸಮುದ್ರದಲ್ಲಿ ಹಾಯುವ ದಾರಿ ತೋರಿದ ಗ್ರೀಕ್ ಚುಕ್ಕಾಣಿಗ ಎಂದು.

ಚಿತ್ತಾಪುರ_ಮಾಸ್ತರ್

ಭಾಳ ಉಪಕಾರ ಆಯ್ತು ಸರ್. ಒಂದು ಸಂಶಯ. ನೈರುತ್ಯದ ಗಾಳಿ ಜೂನ್ ಮೊದಲ ವಾರಕ್ಕೇ ಕೇರಳ ಮುಟ್ಟತದಲ್ಲ. ಮೇ ಕೊನಿಗೇ ಒಕೆಲಿಸ್ ಬಿಟ್ರ ಜಲ್ದಿ ಮುಟ್ಟಿ, ಸರಕು ಕೊಳ್ಳಲಿಕ್ಕೆ ಹೆಚ್ಚು ಟೈಮ್ ಸಿಗತಿತ್ತಲ್ಲ?

ದರಿಯಾ_ಗಾಳಿ

ಸರ್, ಜಲ್ದಿ ಮುಟ್ಟುವುದೇ ಅಪಾಯ. ಜೂನ್, ಜುಲೈನಲ್ಲಿ ಮಲಬಾರಿನ ಸಮುದ್ರ ಮುಚ್ಚಿದ ಸಮುದ್ರ. ಈಗಲೂ ಆ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಯಾಂತ್ರೀಕೃತ ಮೀನು ದೋಣಿಗಳು ಕಡಲಿಗಿಳಿಯುವುದಿಲ್ಲ; ಮೀನಿನ ಸಂತಾನದ ಕಾರಣಕ್ಕೆ ನಿಷೇಧ, ಅದರ ಜೊತೆಗೆ ಅಲೆಯ ಅಬ್ಬರವೂ ಇದೆ. ಗಾಳಿ ಹಡಗನ್ನು ನೇರ ದಡದ ಮೇಲೆ ತಳ್ಳುತ್ತಿರುತ್ತದೆ. ಅಳಿವೆ ಬಾಯಲ್ಲಿ ಮರಳದಿಣ್ಣೆ, ಅದರ ಮೇಲೆ ಒಡೆಯುವ ಅಲೆ. ಚೌಕ ಹಾಯಿಯ ಭಾರದ ಹಡಗಿಗೆ ಅಲ್ಲಿಂದ ಹಿಂದೆ ತಿರುಗಲು ಬರುವುದಿಲ್ಲ. ಅದಕ್ಕೇ ಮಳೆಗಾಲದ ಹಿಂಬಾಲ ಹಿಡಿದು ಬರುವುದು. ಹೊರಡುವಾಗ ಗಾಳಿ ಜೋರು, ಮುಟ್ಟುವಾಗ ಅದು ಇಳಿಮುಖ. ಈ ದಾಟು ಕಷ್ಟದ್ದು, ಆದರೆ ಗಾಳಿ ಅನುಕೂಲ, ದೂರವೂ ಕಡಿಮೆ ಎಂದು ಪೆರಿಪ್ಲಸ್ ಬರೆದವನು ಒಪ್ಪಿಕೊಳ್ಳುತ್ತಾನೆ. ಅವನು ಹೇಳುವ ತಿಂಗಳೂ ಜುಲೈಯೇ.

ಗಂಜ್_ಮಾಲು

ಹಡಗಿಗೆ ಮಾಲು ತುಂಬುವ ಚಿತ್ರದ ಬಗ್ಗೆ: ಕಟ್ಟೆಗೆ ಹತ್ತಿ ನಿಂತ ದೊಡ್ಡ ಹಡಗನ್ನು ತೆಗೆಸಿ. ಮುಜಿರಿಸ್ ನದಿಯ ಮೇಲಿತ್ತು, ಅಳಿವೆಯಿಂದ 20 ಸ್ಟೇಡಿಯ ಒಳಗೆ. ಒಂದು ಸ್ಟೇಡಿಯ ಸುಮಾರು 185 ಮೀಟರ್, ಅಂದರೆ ಪೌಣೆನಾಲ್ಕು ಕಿ.ಮೀ. ಹಡಗು ನಿಲ್ಲುವ ಜಾಗ ದಡದಿಂದ ದೂರ, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸುತ್ತಾರೆ ಎಂದು ಪ್ಲಿನಿ ಸ್ಪಷ್ಟವಾಗಿ ಬರೆದಿದ್ದಾನೆ. ದಕ್ಷಿಣದ ನೆಲ್ಕಿಂಡ ಬಂದರು 120 ಸ್ಟೇಡಿಯ ಒಳಗೆ, ಸುಮಾರು 22 ಕಿ.ಮೀ. ಅಲ್ಲಿ ನದಿಯ ಪಾತ್ರದಲ್ಲಿ ದಿಣ್ಣೆ ಹೆಚ್ಚು. ಹಾಗಾಗಿ ಹಡಗುಗಳು ನದೀಮುಖದ ಬಕರೆಗೆ ಇಳಿದು ನಿಂತು ಸರಕು ತುಂಬಿಕೊಳ್ಳುತ್ತಿದ್ದವು. ಮೆಣಸು ಬರುತ್ತಿದ್ದದ್ದು ಒಂದೇ ಮರವನ್ನು ತೋಡಿ ಮಾಡಿದ ದೋಣಿಗಳಲ್ಲಿ.

ಎರ್ನಾಕುಲಂ ಜಿಲ್ಲೆಯ ಪಟ್ಟಣಂನಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಅಂಥ ಒಂದು ತೋಡುದೋಣಿ ಸಿಕ್ಕಿದೆ, ಉದ್ದ ಸುಮಾರು 6 ಮೀಟರ್. ಜೊತೆಗೆ ದೋಣಿ ಕಟ್ಟುವ ಮರದ ಗೂಟಗಳು, ಇಟ್ಟಿಗೆಯ ಕಟ್ಟೆ, ಭೂಮಧ್ಯ ಸಮುದ್ರದ ದ್ರಾಕ್ಷಾರಸದ ಜಾಡಿಗಳ ಚೂರುಗಳೂ ಸಿಕ್ಕಿವೆ. ನಿಮ್ಮ ಪೇಂಟರ್‌ಗೆ ಅಳತೆ ಕೊಡಲು ಇಷ್ಟು ಸಾಕು. ಮುಂದೆ ಕಟ್ಟೆ, ಗೂಟ, ತೋಡುದೋಣಿ, ಹಮಾಲರು. ದೂರದಲ್ಲಿ ಅಳಿವೆಯಾಚೆ ಹಾಯಿ ಇಳಿಸಿ ನಿಂತ ಹಡಗು. ಮುಜಿರಿಸ್ ಎಂದರೆ ಪಟ್ಟಣಂ ಎಂದೇ ಬರೆಯಲು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ, ಆದ್ದರಿಂದ 'ಪೆರಿಯಾರ್ ಅಳಿವೆಯ ಮುಜಿರಿಸ್' ಎಂದು ಹಾಕಿ.

ಚಿತ್ರದಲ್ಲಿ ಕೆಂಪು ಮೆಣಸಿನಕಾಯಿ ಎಲ್ಲಿಯೂ ಬರದಂತೆ ನೋಡಿಕೊಳ್ಳಿ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಜೊತೆ ಬಂದದ್ದು. ಈ ಫಲಕದ ಕಾಲಕ್ಕೆ 1,400 ವರ್ಷ ಆಮೇಲೆ. ಪೇಂಟರ್‌ಗಳು 'ಮೆಣಸು' ಎಂದ ಕೂಡಲೇ ಬ್ಯಾಡಗಿ ರಾಶಿ ಬರೆದುಬಿಡುತ್ತಾರೆ.

ಇನ್ನು ಮಾಲಿನ ಸ್ವಭಾವ. ಕರಿಮೆಣಸು ಬಳ್ಳಿಯ ಮೇಲೆ ಪೂರ್ತಿ ಹಣ್ಣಾಗಲು ಬಿಡುವುದಿಲ್ಲ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೀಳುತ್ತಾರೆ, ಕಾಳು ಬಿಡಿಸಿ ನಾಲ್ಕರಿಂದ ಏಳು ದಿನ ಬಿಸಿಲಿಗೆ ಹರವುತ್ತಾರೆ. 100 ಕಿಲೋ ಹಸಿ ಕಾಳಿಗೆ 33 ಕಿಲೋ ಆಸುಪಾಸು ಒಣ ಮೆಣಸು. ತೇವ ನೂರಕ್ಕೆ 12ಕ್ಕಿಂತ ಹೆಚ್ಚು ಉಳಿದರೆ ಮುಚ್ಚಿದ ಜಾಗದಲ್ಲಿ ಬೂಸರು ಹಿಡಿಯುತ್ತದೆ, ರಾಶಿ ಬಿಸಿಯಾಗುತ್ತದೆ. ಎರಡು ತಿಂಗಳ ಮೇಲೆ ಹಡಗಿನ ಹೊಟ್ಟೆಯಲ್ಲಿರುವ ಮಾಲಿಗೆ ಇದೇ ಮೊದಲ ಶತ್ರು. ಬಿಳಿಮೆಣಸು ಮಾಡುವುದು ಪೂರ್ತಿ ಹಣ್ಣಾದ ಕಾಳನ್ನು ವಾರಕ್ಕೂ ಮೇಲೆ ನೀರಲ್ಲಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು. ಕೆಲಸ ಹೆಚ್ಚು, ತೂಕ ಇನ್ನೂ ಕಡಿಮೆ. ರೋಮಿನಲ್ಲಿ ಅದರ ಬೆಲೆ ಹೆಚ್ಚಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲೊಂದು ಗಮನಿಸುವ ಸಂಗತಿ ಇದೆ. ಕೇರಳದ ತಗ್ಗುನಾಡಿನಲ್ಲಿ ಮೆಣಸಿನ ಕೊಯ್ಲು ನವೆಂಬರ್‌ನಿಂದ ಜನವರಿ, ಘಟ್ಟದ ಮೇಲೆ ಜನವರಿಯಿಂದ ಮಾರ್ಚ್. ಹಡಗು ಹೊರಡುವುದು ಡಿಸೆಂಬರ್, ತಪ್ಪಿದರೆ ಜನವರಿ 13. ಅಂದರೆ ಘಟ್ಟದ ಹೊಸ ಮಾಲು ಹಡಗಿಗೆ ಸಿಗುವುದೇ ಇಲ್ಲ. ಹೋದ ವರ್ಷದ ಒಣ ಮಾಲನ್ನು ಒಂದು ಮಳೆಗಾಲ ಪೂರ್ತಿ ಕಾಪಾಡಿ ಇಟ್ಟವರು ಇದ್ದಿರಲೇಬೇಕು. ಮಲಬಾರಿನ ಮಳೆಯಲ್ಲಿ ಮೆಣಸನ್ನು ಬೂಸರು ಹಿಡಿಯದಂತೆ ಆರು ತಿಂಗಳು ಇಡುವುದು ಸಣ್ಣ ಕಸುಬಲ್ಲ: ನೆಲದಿಂದ ಎತ್ತರದ ಉಗ್ರಾಣ, ಬಿಸಿಲು ಬಿದ್ದಾಗಲೆಲ್ಲ ಮತ್ತೆ ಹರವುವುದು, ಮುಗ್ಗಿದ್ದನ್ನು ಆರಿಸುವುದು. ಇದು ನನ್ನ ತೀರ್ಮಾನ, ಬರಹದಲ್ಲಿ ಹೀಗೆಂದು ಸಿಗುವುದಿಲ್ಲ. ಆದರೆ ತಿಂಗಳುಗಳನ್ನು ಜೋಡಿಸಿದರೆ ಬೇರೆ ದಾರಿ ಕಾಣುವುದಿಲ್ಲ. ಫಲಕದಲ್ಲಿ ಯವನರ ಜೊತೆಗೆ ಈ ಉಗ್ರಾಣದವರಿಗೂ ಒಂದು ಮೂಲೆ ಕೊಡಿ.

ಬೆಲೆ. ಪ್ಲಿನಿ ಕೊಡುವ ದರ ರೋಮನ್ ಪೌಂಡಿಗೆ: ಕರಿಮೆಣಸು 4 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ), ಬಿಳಿಮೆಣಸು 7, ಹಿಪ್ಪಲಿ 15. ರೋಮನ್ ಪೌಂಡ್ ಸುಮಾರು 325 ಗ್ರಾಂ. ಹಾಗಾಗಿ ಕರಿಮೆಣಸು ಕಿಲೋಗೆ 12 ದಿನಾರಿಯಸ್ ಮೇಲೆ. ಆಗ ಸಾಮಾನ್ಯ ರೋಮನ್ ಸೈನಿಕನ ವರ್ಷದ ಸಂಬಳ 225 ದಿನಾರಿಯಸ್. ಒಂದು ಕಿಲೋ ಮೆಣಸಿಗೆ ಅವನ ಸುಮಾರು 20 ದಿನದ ಸಂಬಳ ಬೇಕು. ಇವತ್ತಿನ ರೂಪಾಯಿಗೆ ಪರಿವರ್ತಿಸಬೇಡಿ, ಅದಕ್ಕೆ ಅರ್ಥವಿಲ್ಲ. ದಿನಗೂಲಿಯಲ್ಲಿ ಹೇಳಿದರೆ ಹುಡುಗರಿಗೆ ತಾನೇ ತಿಳಿಯುತ್ತದೆ.

ಫಲಕದ ಕೆಳಗೆ ಒಂದು ಪಟ್ಟಿ ಹಲಗೆ ಹಾಕಿಸಿ ಮೂರು ಗಾಜಿನ ಬರಣಿ ಇಡಿ, ತಲಾ 325 ಗ್ರಾಂ: ಕರಿ, ಬಿಳಿ, ಹಿಪ್ಪಲಿ. ಹಿಪ್ಪಲಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕರಿಮೆಣಸು ತಂದಾಗ ಒಂದು ಹಿಡಿ ನೀರಿಗೆ ಹಾಕಿ ನೋಡಿ. ಪರಂಗಿ ಬೀಜ ಬೆರೆಸಿದ್ದರೆ ತೇಲುತ್ತದೆ, ಜೊಳ್ಳು ಕಾಳೂ ತೇಲುತ್ತದೆ. ಬರಣಿಗೆ ತುಂಬುವ ಮುಂಚೆ ಎರಡು ದಿನ ಬಿಸಿಲಿಗೆ ಇಟ್ಟು, ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಗಿಯಿರಿ. ಬಿಸಿಯಿರುವಾಗ ಮುಚ್ಚಿದರೆ ಒಳಗೆ ಹನಿ ಕಟ್ಟಿ ನಮ್ಮ ಮಳೆಗಾಲಕ್ಕೇ ಕೆಡುತ್ತದೆ.

ಹಡಗು ಯಾಕೆ ಅಷ್ಟು ದೊಡ್ಡದು ಎಂದು ಮಕ್ಕಳು ಕೇಳಬಹುದು. ಮೆಣಸು ಜಾಗ ತಿನ್ನುವ ಮಾಲು. ಲೀಟರ್ ಅಳತೆಗೆ ಅರ್ಧ ಕಿಲೋ ಚಿಲ್ಲರೆ ತೂಗುತ್ತದೆ, ಗೋಧಿ ಮುಕ್ಕಾಲು ಕಿಲೋ. ಒಂದು ಟನ್ ಮೆಣಸಿಗೆ 1.8 ಘನ ಮೀಟರ್ ಜಾಗ ಬೇಕು. ಮೆಣಸು ಮತ್ತು ತಮಾಲಪತ್ರೆಯ ಗಾತ್ರ, ಪ್ರಮಾಣಕ್ಕಾಗಿಯೇ ಇಲ್ಲಿಗೆ ದೊಡ್ಡ ಹಡಗು ಬರುತ್ತವೆ ಎಂದು ಪೆರಿಪ್ಲಸ್ ಹೇಳುವುದು ಇದಕ್ಕೇ. ಲೆಕ್ಕಕ್ಕೆ 200 ಟನ್ ಮೆಣಸು, ಅರ್ಧ ಟನ್ ಹೊರುವ ದೋಣಿ ಎಂದಿಟ್ಟುಕೊಳ್ಳಿ. ದೋಣಿಗಳು 400 ಸಲ ಅಳಿವೆಗೆ ಹೋಗಿಬರಬೇಕು. ಮೂರು ತಿಂಗಳು ಯಾಕೆ ತಂಗುತ್ತಿದ್ದರು ಎಂಬುದಕ್ಕೆ ಗಾಳಿಯ ಜೊತೆ ಇದೂ ಒಂದು ಕಾರಣ.

ಬೀದರ_ನಾಣ್ಯ

ಗಂಜ್_ಮಾಲು ಅವರು ಬೆಲೆಯ ಮಾತು ಮುಗಿಸಿದ್ದಾರೆ. ನಾಣ್ಯದ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ಫಲಕಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಒಂದು ದಿನಾರಿಯಸ್‌ಗೆ 4 ಸೆಸ್ಟರ್ಸ್. 25 ದಿನಾರಿಯಸ್‌ಗೆ ಒಂದು ಔರಿಯಸ್, ಅದು ಚಿನ್ನದ್ದು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತದೆ ಎಂಬುದು ಪ್ಲಿನಿಯ ದೂರು. ಇನ್ನೊಂದು ಕಡೆ ಅವನೇ 10 ಕೋಟಿ ಎನ್ನುತ್ತಾನೆ, ಆದರೆ ಅದು ಭಾರತ, ಚೀನ, ಅರೇಬಿಯ ಮೂರೂ ಸೇರಿ. ಎರಡನ್ನೂ ಬೆರೆಸಿ 'ಭಾರತಕ್ಕೆ 10 ಕೋಟಿ ದಿನಾರಿಯಸ್' ಎಂದು ಬರೆದ ಫಲಕಗಳಿವೆ. ಅದು ಎಂಟು ಪಟ್ಟು ತಪ್ಪು.

ಮಾದರಿಗೆ ನಾಣ್ಯದ ಚಿತ್ರ ಬೇಕಿದ್ದರೆ ಆಗಸ್ಟಸ್ ಅಥವಾ ಟೈಬೀರಿಯಸ್‌ನ ಬೆಳ್ಳಿ ದಿನಾರಿಯಸ್ ಬರೆಸಿ. ದಕ್ಷಿಣ ಭಾರತದ ನಿಧಿಗಳಲ್ಲಿ ಸಿಗುವ ಬೆಳ್ಳಿ ಬಹುಪಾಲು ಇವರಿಬ್ಬರದೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕದ್ದೂ ಇದೇ ಜಾತಿ. ಆಗಸ್ಟಸ್ ಕಾಲದಲ್ಲಿ ಒಂದು ಪೌಂಡ್ ಬೆಳ್ಳಿಗೆ 84 ದಿನಾರಿಯಸ್ ಹೊಡೆಯುತ್ತಿದ್ದರು. ಕ್ರಿ.ಶ. 64ರಲ್ಲಿ ನೀರೋ ಅದನ್ನು 96 ಮಾಡಿದ, ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ನಮ್ಮ ವರ್ತಕರು ನಾಣ್ಯವನ್ನು ಎಣಿಸದೆ ತೂಗುತ್ತಿದ್ದರು, ಹಾಗಾಗಿ ಹಗುರ ನಾಣ್ಯ ಅವರಿಗೆ ಬೇಡವಾಯಿತು ಎಂಬುದು ಹಲವರ ಊಹೆ.

ನಮಗೆ ಹತ್ತಿರದ ಪುರಾವೆ ಬೇಕೆಂದರೆ ಜಹೀರಾಬಾದ್ ಆಚೆ, ಸಂಗಾರೆಡ್ಡಿ ಜಿಲ್ಲೆಯ ಕೊಂಡಾಪುರ. ಶಾತವಾಹನರ ಆ ಊರಿನಲ್ಲಿ ಆಗಸ್ಟಸ್‌ನ ಚಿನ್ನದ ನಾಣ್ಯ ಸಿಕ್ಕಿದೆ. ರೋಮನ್ ನಾಣ್ಯವನ್ನು ನೋಡಿ ಮಣ್ಣಿನಲ್ಲಿ ಒತ್ತಿದ ಬಿಲ್ಲೆಗಳೂ ಕೊಂಡಾಪುರ, ತೇರ್ ಕಡೆ ಸಿಗುತ್ತವೆ. ಕೊರಳಿಗೆ ಕಟ್ಟಲು ಕಿವಿ ಇರುತ್ತದೆ. ತೇರ್‌ನಲ್ಲಿ ಸಿಕ್ಕ ದಂತದ ಹೆಣ್ಣು ಗೊಂಬೆಗೂ 1938ರಲ್ಲಿ ಇಟಲಿಯ ಪಾಂಪೆಯಲ್ಲಿ ಸಿಕ್ಕ ದಂತದ ಗೊಂಬೆಗೂ ಹತ್ತಿರದ ಹೋಲಿಕೆ ಇದೆ. ಪಾಂಪೆ ಕ್ರಿ.ಶ. 79ರಲ್ಲಿ ಬೂದಿಯಡಿ ಹೂತಿತು, ಅಲ್ಲಿಗೆ ಗೊಂಬೆ ಅದಕ್ಕೂ ಮುಂಚೆ ಸಮುದ್ರ ದಾಟಿತ್ತು. ತೇರ್‌ನ ವಸ್ತುಸಂಗ್ರಹಾಲಯಕ್ಕೆ ಹುಡುಗರನ್ನು ಒಂದು ದಿನದ ಪ್ರವಾಸ ಒಯ್ಯಬಹುದು. ನಾಣ್ಯ ಸಿಕ್ಕ ಕಡೆಯೆಲ್ಲ ರೋಮನ್ನರು ಬಂದಿದ್ದರು ಎಂದು ಮಾತ್ರ ಹೇಳಿಕೊಡಬೇಡಿ. ನಾಣ್ಯ ಹತ್ತು ಕೈ ದಾಟಿ ಬರುತ್ತದೆ.

ಯವನರು ಏನು ತರುತ್ತಿದ್ದರು ಎಂಬ ಪಟ್ಟಿಗೆ ಪೆರಿಪ್ಲಸ್‌ನ 56ನೇ ಭಾಗ ನೋಡಿ. ಮೊದಲ ಹೆಸರೇ ನಗದು ಹಣ, 'ಬಹಳ' ಎಂದು ಒತ್ತಿ. ಆಮೇಲೆ ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, ಕಣ್ಣಿಗೆ ಹಚ್ಚುವ ಅಂಜನದ ಕಲ್ಲು, ಹರಿತಾಳ, ಸ್ವಲ್ಪ ದ್ರಾಕ್ಷಾರಸ. ಗೋಧಿಯೂ ಇದೆ, ಅದು ಮಾರಲಿಕ್ಕಲ್ಲ. ಇಲ್ಲಿಯ ವರ್ತಕರು ಗೋಧಿ ಬಳಸುವುದಿಲ್ಲವಾದ್ದರಿಂದ ಹಡಗಿನವರಿಗೆ ಉಣ್ಣಲು ಬೇಕಾದಷ್ಟು.

ತೆರಿಗೆಯನ್ನು ಬಿಡಬೇಡಿ. ವಿಯೆನ್ನಾದಲ್ಲಿರುವ ಒಂದು ಪ್ಯಾಪಿರಸ್ (ಜೊಂಡಿನಿಂದ ಮಾಡಿದ) ಹಾಳೆ 1985ರಲ್ಲಿ ಪ್ರಕಟವಾಯಿತು, ಅದು ಕ್ರಿ.ಶ. 2ನೇ ಶತಮಾನದ್ದು. ಒಂದು ಮಗ್ಗುಲಲ್ಲಿ ಮುಜಿರಿಸ್ ಹೆಸರಿರುವ ಸಾಲಪತ್ರ. ಇನ್ನೊಂದು ಮಗ್ಗುಲಲ್ಲಿ 'ಹರ್ಮಪೊಲ್ಲೋನ್' ಎಂಬ ಹಡಗಿನ ಸರಕಿನ ಲೆಕ್ಕ. ಬಂದರದಿಂದ ಒಂಟೆಯವನ ಕೈಗೆ ಕೊಟ್ಟು, ಕಾವಲಿಟ್ಟು, ಕೊಪ್ಟೋಸ್‌ನ ಸರ್ಕಾರಿ ಸುಂಕದ ಉಗ್ರಾಣದಲ್ಲಿ ಮುದ್ರೆ ಒತ್ತಿಸಿ, ಅಲೆಕ್ಸಾಂಡ್ರಿಯಕ್ಕೆ ಒಯ್ದು ನಾಲ್ಕನೇ ಒಂದು ಭಾಗ ಸುಂಕ ಕಟ್ಟಬೇಕು ಎಂದು ಸಾಲಗಾರ ಒಪ್ಪಿದ್ದಾನೆ. ಸರಕಿನ ಲೆಕ್ಕದಲ್ಲಿ ಕಾಣುವ ಮೊತ್ತ 1,154 ಟ್ಯಾಲೆಂಟ್ 2,852 ಡ್ರಾಕ್ಮಾ. ಟ್ಯಾಲೆಂಟಿಗೆ 6,000 ಡ್ರಾಕ್ಮಾ, ಅಂದರೆ 69,26,852. ಈಜಿಪ್ಟಿನ ನಾಲ್ಕು ಡ್ರಾಕ್ಮಾ ಒಂದು ದಿನಾರಿಯಸ್‌ಗೆ ಸಮ, ಆ ಹೊತ್ತಿಗೆ ಸೈನಿಕನ ಸಂಬಳ ವರ್ಷಕ್ಕೆ 300 ದಿನಾರಿಯಸ್ ಆಗಿತ್ತು. ಭಾಗಿಸಿ ನೋಡಿ: ಒಂದು ಹಡಗಿನ ಸರಕಿನಲ್ಲಿ 5,700ಕ್ಕೂ ಹೆಚ್ಚು ಸೈನಿಕರ ಒಂದು ವರ್ಷದ ಸಂಬಳ. ಪ್ಲಿನಿ ಎಷ್ಟೇ ಗೊಣಗಿದರೂ ರೋಮನ್ ಖಜಾನೆ ಈ ವ್ಯಾಪಾರವನ್ನು ಯಾಕೆ ನಿಲ್ಲಿಸಲಿಲ್ಲ ಎಂಬುದು ಈ ಸುಂಕದಲ್ಲಿದೆ.

ಮಾಂಜ್ರಾ_ಕಂಠಿ

ಬೀದರದವರು ಯಾರಾದ್ರೂ ಬಂದು 'ನಿಕಿತಿನ್‌ನ್ನೂ ಸೇರಸ್ರಿ' ಅಂತಾರ, ಅದಕ್ಕ ಮೊದಲೇ ಹೇಳ್ತೀನಿ: ಈ ಫಲಕದಾಗ ಬ್ಯಾಡ. ಅಫನಾಸಿ ನಿಕಿತಿನ್ ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ಅವ ಚೌಲ್ ಬಂದರಕ್ಕ ಇಳಿದು ಬೀದರಕ್ಕ ಬಂದದ್ದು 1470ರ ಆಸುಪಾಸು, ಬಹಮನಿ ಸುಲ್ತಾನರ ಕಾಲ. ನಡುವೆ 1,400 ವರ್ಷ ಅದ. ಒಂದೇ ನಕ್ಷಾದಾಗ ಹಾಕಿದ್ರ ಹುಡುಗರು ಯವನರ ಹಡಗಿನಾಗ ಕುದುರಿ ಹೇರತಾರ.

ಎರಡನೇ ಫಲಕ ಮಾಡಿದ್ರ ಮಾತ್ರ ಅವನಷ್ಟು ಒಳ್ಳೆ ಸಾಕ್ಷಿ ನಮ್ಮ ಸೀಮೆಗೆ ಇನ್ನೊಬ್ಬ ಇಲ್ಲ. ಒಂದು ಗಂಡು ಕುದುರಿ ಮಾರಲಿಕ್ಕೆ ತಂದಿದ್ದ. ಜುನ್ನರದಾಗ ಅಲ್ಲಿನ ಅಧಿಕಾರಿ ಅದನ್ನ ಕಸಕೊಂಡ, ಆಮ್ಯಾಲ ಖುರಾಸಾನದ ಒಬ್ಬ ನಡುವೆ ಬಿದ್ದು ಬಿಡಿಸಿಕೊಟ್ಟ. ಆಳಂದದ ಶೇಖ್ ಅಲಾವುದ್ದೀನರ ಜಾತ್ರಿ ವರ್ಷಕ್ಕೊಮ್ಮೆ ಹತ್ತು ದಿನ ನಡೀತದ, ಮಾರಲಿಕ್ಕೆ 20,000 ಕುದುರಿ ಬರತಾವ ಅಂತ ಬರೆದಾನ. ನಮ್ಮ ಆಳಂದನೇ ಅದು. ಮೆಣಸಿನ ಮಾತೂ ಅದ. ಇಲ್ಲಿ ಮೆಣಸು, ಬಣ್ಣ ಅಗ್ಗ, ಆದ್ರ ಸುಂಕ ಜಾಸ್ತಿ, ಸಮುದ್ರದಾಗ ಕಳ್ಳರು ಭಾಳ, ರಷ್ಯಾಕ್ಕ ಒಯ್ಯೋವಂಥದ್ದು ಏನೂ ಸಿಗಲಿಲ್ಲ ಅಂತಾನ. ಸುಂಕ ಮತ್ತ ಕಡಲ್ಗಳ್ಳರು, ಇವೆರಡೂ ಪ್ಲಿನಿಯಾಗೂ ಅವ. ಪ್ಲಿನಿ ಮುಜಿರಿಸ್ ಹತ್ತಿರ ನಿತ್ರಿಯಾಸ್ ಅನ್ನೋ ಜಾಗದಾಗ ಕಡಲ್ಗಳ್ಳರು ಇರ್ತಾರ ಅಂತ ಎಚ್ಚರಸ್ತಾನ.

ಆ ಎರಡನೇ ಫಲಕಕ್ಕ ಬಾಣ ಚೌಲ್, ದಾಭೋಳ ಕಡಿಯಿಂದ ಬರಬೇಕು. 1453ರಾಗ ಗಿಲಾನದಿಂದ ಬಂದ ಮಹಮೂದ್ ಗವಾನ್ ಇಳಿದದ್ದೂ ದಾಭೋಳಕ್ಕೇ. 1472ರಾಗ ಅವ ಗೋವಾ ಗೆದ್ದದ್ದು ಬಂದರ ಕೈಯಾಗ ಇರ್ಲಿ, ಕುದುರಿ ವ್ಯಾಪಾರ ವಿಜಯನಗರಕ್ಕ ಹೋಗಬಾರದು ಅಂತ. ಅದೇ ವರ್ಷದ್ದು ಬೀದರದ ಮದರಸಾ.

ಇನ್ನ ಈ ಫಲಕಕ್ಕ ಬೀದರ ತೋರಿಸಬೇಕಂದ್ರ ಒಂದು ದಾರಿ ಅದ. ತೇರ್ ಊರು ತೇರಣಾ ನದಿ ಮ್ಯಾಲ ಅದ. ತೇರಣಾ ಬಂದು ಕೂಡೋದು ನಮ್ಮ ಮಾಂಜ್ರಾಕ್ಕ. ನೀಲಿ ಗೆರಿಯಾಗ ಆ ಎರಡು ನದಿ ಬರಸ್ರಿ, ಬೀದರದ ಹುಡುಗರಿಗೆ ತಮ್ಮ ಹೊಳಿ ತಗರದ ಪೇಟಿತನಕ ಹೋಗೋದು ಕಾಣತದ.

ಚಿತ್ತಾಪುರ_ಮಾಸ್ತರ್

ಎಲ್ಲರಿಗೂ ಶರಣು. ಬಾಣ ತಿರುಗಿಸಿದೆ, ಹಡಗು ಅಳಿವೆ ಆಚೆ ಹಾಕಸ್ತೀನಿ, ಬರಣಿ ಹಲಗಿಗೂ ಬಡಗೇರಿಗೆ ಹೇಳಿದೆ. ಎರಡು ಮಾತು ಉಳಿದಾವ. ಈಜಿಪ್ಟಿನ ಪ್ಯಾಪಿರಸ್ ನಾಟಕದಾಗ ಕನ್ನಡ ಅದ ಅಂತಾರಲ್ಲ, ಅದನ್ನ ಒಂದು ಚೌಕದಾಗ ಹಾಕ್ಲೇನು? ಮತ್ತ ಪೂರ್ತಿ ನಕ್ಷಾದಾಗ ಸನ್ನತಿಯಿಂದ ಭರೂಚ್ ಗೆರಿ ಭಾಳ ಸಣ್ಣದು ಕಾಣಲತ್ತದ, ಹೆಸರು ಬರೀಲಿಕ್ಕೆ ಜಾಗ ಇಲ್ಲ.

ಭೀಮಾ_ದಂಡಿ

ನಾಟಕ ಬಿಡ್ರಿ. ಅದು ಆಕ್ಸಿರಿಂಕಸ್‌ನ 413ನೇ ಪ್ಯಾಪಿರಸ್. ಅದರಾಗಿನ ಭಾರತೀಯರ ಮಾತು ಕನ್ನಡ ಅಂತ 1904ರಾಗ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದ್ರು, ಅವತ್ತಿಂದ ಒಪ್ಪೋರೂ ಇದ್ದಾರ, ಒಪ್ಪದವರೂ ಇದ್ದಾರ. ಒಂದು ಚೌಕದಾಗ ಎರಡೂ ಕಡಿ ಹೇಳಲಿಕ್ಕೆ ಆಗೋದಿಲ್ಲ. ಕ್ಲಾಸಿನಾಗ ಬಾಯಿಲೆ ಹೇಳ್ರಿ.

ನಕ್ಷಾದ ಲೆಕ್ಕ ಹಿಂಗ. ರೋಮ್‌ನಿಂದ ನಮ್ಮತನಕ 6 ಅಡಿಯಾಗ ಹಿಡಿಸಬೇಕಂದ್ರ 1 ಸೆಂ.ಮೀ.ಗೆ ಸುಮಾರು 40 ಕಿ.ಮೀ. ಆಗತದ. ಸನ್ನತಿ-ತೇರ್ ನಾಲ್ಕೂವರೆ ಸೆಂ.ಮೀ. ಮಾತ್ರ ಬರತದ, ಹೆಸರು ಹಿಡಿಯೋದಿಲ್ಲ ಖರೇ. ಮ್ಯಾಲಿಂದ ಕೆಳಗ ರೋಮ್-ಮುಜಿರಿಸ್ 90 ಸೆಂ.ಮೀ. ಒಳಗ ಮುಗೀತದ, ಕೆಳಗ 30 ಸೆಂ.ಮೀ. ಪಟ್ಟಿ ಉಳೀತದ, ಅದು ಅಳಿವೆ ಚಿತ್ರಕ್ಕ. ಎಡಗಡೆ ಈಜಿಪ್ಟಿನ ಕೆಳಗ ಆಫ್ರಿಕಾದ ಮರಳುಗಾಡು ಖಾಲಿ ಬೀಳತದಲ್ಲ, ಅಲ್ಲಿ 40 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲದ ಒಳನಕ್ಷಾ ಹಾಕ್ರಿ, 1 ಸೆಂ.ಮೀ.ಗೆ 15 ಕಿ.ಮೀ. ಹಿಡಿದು. ಭರೂಚ್ ಮ್ಯಾಲಿನ ಎಡ ಮೂಲಿಗೆ, ಸನ್ನತಿ ಕೆಳಗಿನ ಬಲ ಮೂಲಿಗೆ ಬರತದ. ಈ ಅಳತಿಗೆ ಬಂಡಿಯ ಒಂದು ದಿನದ ನಡಿಗಿ ಸರಿಯಾಗಿ 1 ಸೆಂ.ಮೀ. ಆಗತದ, ಅದಕ್ಕ ಸನ್ನತಿಯಿಂದ ತೇರ್‌ತನಕ ಸೆಂ.ಮೀ.ಗೊಂದು ಚುಕ್ಕಿ ಇಡಸ್ರಿ, 12 ಚುಕ್ಕಿ. ಒಳನಕ್ಷಾದ ಅಳತಿ ಬ್ಯಾರೆ ಅಂತ ಅದರ ಕೆಳಗೇ ಬರಸ್ರಿ, ಇಲ್ಲಾಂದ್ರ ಹುಡುಗರು ದೊಡ್ಡ ನಕ್ಷಾದ ಸ್ಕೇಲಿನಿಂದ ಅಳೆದು ಭರೂಚ್‌ನ್ನ 1,800 ಕಿ.ಮೀ. ದೂರ ಮಾಡತಾರ.